ಘಾಟಿ ಬಂದ್ ಆಗಿ ಬಜ್ಪೆ ಫ್ಲೈಟ್ ಮಿಸ್ ಆಯ್ತಾ? ಟಿಕೆಟ್ ದುಡ್ಡು ಹೋದ್ರೂ ಏರ್‌ಪೋರ್ಟ್ ಶುಲ್ಕ ವಾಪಸ್ ಕೇಳಿ

ಮೂಡಿಗೆರೆ: ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಒಂದು ಮರ ಅಡ್ಡ ಬಿದ್ರೆ ಸಾಕು, ಕೊಟ್ಟಿಗೆಹಾರದಲ್ಲೇ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಘಾಟಿ ರಸ್ತೆಯೇ ಬಂದ್ ಆಗಿದ್ದನ್ನು ಇಲ್ಲಿನವರು ಮರೆತಿಲ್ಲ. ಇಂಥ ದಿನ ಬಜ್ಪೆಯಿಂದ ಮುಂಬೈಗೋ ದುಬೈಗೋ ಟಿಕೆಟ್ ಮಾಡಿಸಿದವರ ಪಾಡು ಕೇಳೋದೇ ಬೇಡ. ವಿಮಾನ ತಪ್ಪಿದ ಮೇಲೆ "ನಾನ್ ರಿಫಂಡಬಲ್ ಟಿಕೆಟ್, ಏನೂ ಬರಲ್ಲ" ಅನ್ನೋ ಮಾತು ಕೇಳಿ ಸುಮ್ಮನಾಗುವವರೇ ಹೆಚ್ಚು. ಆದರೆ ಟಿಕೆಟ್ ದರದೊಳಗೆ ಸೇರಿಕೊಂಡಿರುವ ವಿಮಾನ ನಿಲ್ದಾಣದ ಶುಲ್ಕ ಪ್ರಯಾಣಿಕರಿಗೆ ವಾಪಸ್ ಬರಬೇಕಾದ ದುಡ್ಡು.

ಏನಿದು ಶುಲ್ಕ?

ಟಿಕೆಟ್‌ನ ದರ ವಿವರ ತೆಗೆದು ನೋಡಿದರೆ ಮೂಲ ದರದ ಕೆಳಗೆ ನಾಲ್ಕೈದು ಸಾಲು ಇರುತ್ತೆ. ಅದರಲ್ಲಿ ದೊಡ್ಡದು ಎರಡು. ಒಂದು ಯುಡಿಎಫ್, ಅಂದರೆ ಬಳಕೆದಾರರ ಅಭಿವೃದ್ಧಿ ಶುಲ್ಕ. ಇದು ನಿಲ್ದಾಣ ನಡೆಸುವವರಿಗೆ ಹೋಗುತ್ತೆ. ಮಂಗಳೂರಿನಲ್ಲಿ 2020ರ ಅಕ್ಟೋಬರ್ 31ರಿಂದ ನಿಲ್ದಾಣ ನಡೆಸುತ್ತಿರುವುದು ಅದಾನಿ ಸಂಸ್ಥೆ. ಆದರೆ ದರ ಎಷ್ಟು ಅಂತ ನಿಗದಿ ಮಾಡೋದು ಅವರಲ್ಲ, ಕೇಂದ್ರದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ.

ಮಂಗಳೂರಿನಿಂದ ದೇಶದೊಳಗೆ ಹೊರಡುವವರಿಗೆ 150 ರೂ. ಇದ್ದ ಯುಡಿಎಫ್ 2023ರ ಫೆಬ್ರವರಿಯಲ್ಲಿ ಒಂದೇ ಏಟಿಗೆ 560 ರೂ. ಆಯ್ತು. ಮೊದಲು ಹೊರಡುವವರಿಗೆ ಮಾತ್ರ ಇದ್ದದ್ದು, ಆಗಿನಿಂದ ಬಂದಿಳಿಯುವವರಿಗೂ ಬಿತ್ತು. ಆಮೇಲೆ ಹೊರಡುವವರ ದರ ಇನ್ನೂ ಏರಿದೆ. ಬುಕ್ ಮಾಡುವ ದಿನ ಎಷ್ಟಿದೆ ಅನ್ನೋದನ್ನ ಟಿಕೆಟ್ಟಿನಲ್ಲೇ ನೋಡಿಕೊಳ್ಳಬೇಕು. ಬೆಂಗಳೂರಿನ ದರವೇ ಬೇರೆ.

ಎರಡನೆಯದು ಎಎಸ್ಎಫ್, ಭದ್ರತಾ ಶುಲ್ಕ. ಇದು ದೇಶದಲ್ಲೆಲ್ಲ ಒಂದೇ. 2021ರ ಏಪ್ರಿಲ್ 1ರಿಂದ ದೇಶದೊಳಗಿನ ಪ್ರಯಾಣಕ್ಕೆ 200 ರೂ., ವಿದೇಶಕ್ಕೆ 12 ಡಾಲರ್. ಜಿಎಸ್‌ಟಿ ಸೇರಿ 200 ಅನ್ನೋದು ಟಿಕೆಟ್‌ನಲ್ಲಿ 236 ಆಗಿರುತ್ತೆ.

ಎರಡು ವರ್ಷದೊಳಗಿನ ಕೂಸಿಗೆ ಈ ಎರಡೂ ಇಲ್ಲ. ಎರಡು ದಾಟಿದ ಮಕ್ಕಳಿಗೆ ದೊಡ್ಡವರಷ್ಟೇ. ಗಂಡ, ಹೆಂಡತಿ, ಐದು ವರ್ಷದ ಮಗಳು, ಒಂದು ವರ್ಷದ ಮಗು ಮಂಗಳೂರಿನಿಂದ ಹೊರಟರು ಅಂತಿಟ್ಟುಕೊಳ್ಳಿ. 560ರ ಹಳೇ ದರದಲ್ಲೇ ಲೆಕ್ಕ ಹಾಕಿದರೂ ಮೂರು ಜನಕ್ಕೆ 2,280 ರೂ. ಆಗುತ್ತೆ. ಜಿಎಸ್‌ಟಿ ಬೇರೆ. ಇದೇನು ಚಿಲ್ಲರೆ ದುಡ್ಡಲ್ಲ.

ಕೌಂಟರ್‌ನಲ್ಲಿ ಕಟ್ಟೋದಲ್ಲ

ಹಿಂದೆ ವಿದೇಶಕ್ಕೆ ಹೋಗುವವರಿಗೆ ವಿದೇಶ ಪ್ರಯಾಣ ತೆರಿಗೆ ಅಂತಲೇ ಒಂದಿತ್ತು. 2004ರಲ್ಲಿ ಅದು ರದ್ದಾಯ್ತು. ಈಗ ಎಲ್ಲವೂ ಟಿಕೆಟ್ ಒಳಗೇ ಸೇರಿರುತ್ತೆ. ದುಬೈನಿಂದ ವಾಪಸ್ ಬರುವಾಗಲೂ ಅಷ್ಟೇ, ಅಲ್ಲಿ 2016ರಿಂದ ಇರುವ ಶುಲ್ಕವನ್ನು ಟಿಕೆಟ್‌ನಲ್ಲೇ ಹಿಡಿದಿರುತ್ತಾರೆ. ಹಾಗಾಗಿ ಗಲ್ಫ್ ಕೆಲಸ ಕೊಡಿಸ್ತೀನಿ ಅನ್ನುವ ಯಾರಾದರೂ "ಏರ್‌ಪೋರ್ಟ್ ಫೀ" ಅಂತ ಫೋನ್ ಪೇ ಮಾಡಿಸಿಕೊಳ್ಳಲು ಬಂದರೆ, ಮೊದಲು ಟಿಕೆಟ್ ತೋರಿಸು ಅನ್ನಿ.

ಕೌಂಟರ್‌ನಲ್ಲಿ ಬೋರ್ಡಿಂಗ್ ಪಾಸ್ ಕೊಡೋದಕ್ಕೂ ದುಡ್ಡು ಕೇಳುವಂತಿಲ್ಲ. ವಿಮಾನಯಾನ ಸಚಿವಾಲಯ 2022ರ ಜುಲೈನಲ್ಲೇ ಇದನ್ನು ಹೇಳಿದೆ. ಕೈಯಿಂದ ಬೇರೆ ಖರ್ಚು ಬರೋದು ಪಾರ್ಕಿಂಗ್‌ಗೆ, ಇಲ್ಲಾ ಕಾಫಿಪುಡಿ, ಕಾಳುಮೆಣಸು, ಹಲಸಿನ ಹಪ್ಪಳ ತುಂಬಿ ಬ್ಯಾಗ್ ತೂಕ ಜಾಸ್ತಿ ಆದರೆ.

ಇನ್ನೊಂದು ಉಳಿತಾಯದ ದಾರಿ ಇದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗಿ ಅಲ್ಲಿಂದ ಮುಂದಕ್ಕೆ ವಿಮಾನ ಹಿಡಿಯುವುದಾದರೆ ಒಂದೇ ಟಿಕೆಟ್‌ನಲ್ಲಿ ಮಾಡಿಸಿ. 24 ಗಂಟೆಯೊಳಗೆ ಮುಂದಿನ ವಿಮಾನ ಇದ್ದರೆ ಬೆಂಗಳೂರಿನಲ್ಲಿ ಮತ್ತೆ ಹೊರಡುವ ಶುಲ್ಕ ಬೀಳಲ್ಲ. ಎರಡು ಬೇರೆ ಟಿಕೆಟ್ ಆದರೆ ಬೀಳುತ್ತೆ.

ವಾಪಸ್ ಪಡೆಯೋದು ಹೇಗೆ?

ಡಿಜಿಸಿಎ ನಿಯಮ ಸ್ಪಷ್ಟವಾಗಿದೆ. ಟಿಕೆಟ್ ರದ್ದು ಮಾಡಿದರೂ, ಮಾಡದೆ ವಿಮಾನ ತಪ್ಪಿಸಿಕೊಂಡರೂ ಸರ್ಕಾರಿ ತೆರಿಗೆ ಮತ್ತು ಯುಡಿಎಫ್‌ನಂಥ ನಿಲ್ದಾಣ ಶುಲ್ಕವನ್ನು ಏರ್‌ಲೈನ್ಸ್ ಮರಳಿಸಬೇಕು. ಆಫರ್ ಟಿಕೆಟ್, ನಾನ್ ರಿಫಂಡಬಲ್ ಟಿಕೆಟ್‌ಗೂ ಇದು ಅನ್ವಯ. ಮರಳಿಸುವುದಕ್ಕೆ ಅಂತ ಪ್ರತ್ಯೇಕ ಚಾರ್ಜ್ ಹಾಕುವಂತಿಲ್ಲ. ದುಡ್ಡಿನ ಬದಲು ಮುಂದಿನ ಟಿಕೆಟ್‌ಗೆ ಜಮಾ ಇಟ್ಕೊಳ್ತೀವಿ ಅಂದರೆ ಒಪ್ಪೋದು ಬಿಡೋದು ಪ್ರಯಾಣಿಕರ ಇಷ್ಟ.

ಕೊಟ್ಟಿಗೆಹಾರದಲ್ಲೋ ಕುದುರೆಮುಖ ರಸ್ತೆಯಲ್ಲೋ ಸಿಕ್ಕಿಬಿದ್ದು ವಿಮಾನ ಸಿಗಲ್ಲ ಅಂತ ಖಾತ್ರಿಯಾದರೆ, ನೆಟ್‌ವರ್ಕ್ ಸಿಕ್ಕ ಕಡೆಯಿಂದಲೇ ಕಂಪನಿಗೆ ಫೋನ್ ಮಾಡಿ ಇಲ್ಲವೇ ಆ್ಯಪ್‌ನಲ್ಲಿ ವಿಷಯ ತಿಳಿಸುವುದು ಒಳ್ಳೇದು. ಆಮೇಲೆ ಪಿಎನ್‌ಆರ್ ನಂಬರ್ ಕೊಟ್ಟು ಶುಲ್ಕ, ತೆರಿಗೆ ವಾಪಸ್ ಕೊಡಿ ಅಂತ ಬರವಣಿಗೆಯಲ್ಲೇ ಕೇಳಬೇಕು. ಪೇಟೆಯ ಸೈಬರ್ ಅಂಗಡಿ ಅಥವಾ ಏಜೆಂಟ್ ಹತ್ತಿರ ಟಿಕೆಟ್ ಮಾಡಿಸಿದ್ದರೆ ಅವರ ಮೂಲಕ ಕೇಳಿ. ಏಜೆಂಟ್ ಕಂಪನಿಯ ಪ್ರತಿನಿಧಿ ಆದ್ದರಿಂದ ಹಣ ಮರಳಿಸುವ ಹೊಣೆ ಕಂಪನಿಯದ್ದೇ. ಏಜೆಂಟ್ ಕಮಿಷನ್, ಬುಕಿಂಗ್ ಸೈಟ್ ಹಾಕಿದ ಕನ್ವೀನಿಯನ್ಸ್ ಫೀ ಮಾತ್ರ ಇದರಲ್ಲಿ ಸೇರಲ್ಲ.

ಇದು ನಮ್ಮ ದೇಶದ ಕಂಪನಿಗಳ ಮಾತು. ವಿದೇಶಿ ಕಂಪನಿಯ ವಿಮಾನವಾದರೆ ಅವರ ದೇಶದ ನಿಯಮದಂತೆ ಮರುಪಾವತಿ. ಅದನ್ನು ಬುಕ್ ಮಾಡುವಾಗಲೇ ಕೇಳಿಕೊಂಡಿರಬೇಕು.

ಕಂಪನಿ ಉತ್ತರ ಕೊಡದಿದ್ದರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್ ಅಥವಾ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಟಿಕೆಟ್ ಪ್ರತಿ, ದರ ವಿವರದ ಪುಟ, ಕಂಪನಿಗೆ ಕಳಿಸಿದ ಮೇಲ್ ಮೂರನ್ನೂ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ.