ಪ್ರೊಸೆಸರಿನ ಮಿತವ್ಯಯವೂ ಕಾಲಮಾಪನವೂ

ಗಣಕಯಂತ್ರದ ವಿವರಪಟ್ಟಿಯಲ್ಲಿ ಕಾಣುವ ಗಿಗಾಹರ್ಟ್ಸ್ ಸಂಖ್ಯೆಯನ್ನು ಆ ಯಂತ್ರದ ಅಚಲವಾದ ಗುಣವೆಂದು ಭಾವಿಸುವುದು ವಾಡಿಕೆ. ವಸ್ತುತಃ ಇಂದಿನ ಪ್ರೊಸೆಸರಿನ ಕ್ಲಾಕ್ ವೇಗವು ಕೆಲಸದ ಹೊರೆಗೆ ತಕ್ಕಂತೆ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಇದನ್ನು ಗಮನಿಸದೆ ಪ್ರೋಗ್ರಾಮುಗಳ ಕಾಲವನ್ನು ಅಳೆಯಹೊರಟರೆ, ಯಂತ್ರದ ಮಿತವ್ಯಯವನ್ನೇ ಗಣನವಿಧಾನದ ದೋಷವೆಂದು ಎಣಿಸುವ ಪ್ರಮಾದಕ್ಕೆ ಎಡೆಯಾಗುತ್ತದೆ.

ಪ್ರೊಸೆಸರಿನೊಳಗಿನ ಟ್ರಾನ್ಸಿಸ್ಟರುಗಳು ಸ್ಥಿತಿಯನ್ನು ಬದಲಿಸಿದಾಗಲೆಲ್ಲ ಅತಿಸೂಕ್ಷ್ಮವಾದ ಧಾರಕತೆಗಳು ವಿದ್ಯುದಂಶದಿಂದ ತುಂಬಿ ಬರಿದಾಗುತ್ತವೆ. ಇದರಲ್ಲಿ ವ್ಯಯವಾಗುವ ಸಾಮರ್ಥ್ಯವು ಧಾರಕತೆ, ವೋಲ್ಟೇಜಿನ ವರ್ಗ, ಆವೃತ್ತಿ ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಆವೃತ್ತಿಯೊಂದನ್ನೇ ಅರ್ಧಕ್ಕೆ ಇಳಿಸಿದರೆ ಈ ಸಾಮರ್ಥ್ಯವೇನೋ ಅರ್ಧವಾಗುತ್ತದೆ. ಆದರೆ ಅದೇ ಕೆಲಸಕ್ಕೆ ಇಮ್ಮಡಿ ಕಾಲ ಹಿಡಿಯುವುದರಿಂದ ಒಟ್ಟು ಶಕ್ತಿಯಲ್ಲಿ ಉಳಿತಾಯವಾಗದು. ನಿಜವಾದ ಉಳಿತಾಯವಿರುವುದು ವೋಲ್ಟೇಜನ್ನು ಇಳಿಸುವುದರಲ್ಲಿ. ವೋಲ್ಟೇಜು ಇಳಿದಂತೆ ಟ್ರಾನ್ಸಿಸ್ಟರುಗಳು ಮಂದಗತಿಯವಾಗುತ್ತವೆ. ಹಿಂದಿನ ವೇಗದಲ್ಲಿಯೇ ನಡೆಸಿದರೆ ಫಲಿತಾಂಶಗಳು ತಪ್ಪಾದಾವು. ಆದುದರಿಂದ ಆವೃತ್ತಿಯನ್ನೂ ಅದರೊಡನೆ ಇಳಿಸಬೇಕಾಗುತ್ತದೆ.

ಇಂಟೆಲ್ ಸಂಸ್ಥೆಯು 2000ದಲ್ಲಿ 'ಸ್ಪೀಡ್‌ಸ್ಟೆಪ್' ಎಂಬ ಹೆಸರಿನಿಂದ ಹೊರತಂದ ವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಂದಿನ ಒಂದು ಮೊಬೈಲ್ ಪೆಂಟಿಯಮ್ 3 ಪ್ರೊಸೆಸರು ಹೊರಗಿನ ವಿದ್ಯುತ್ತು ಇರುವಾಗ 1.6 ವೋಲ್ಟಿನಲ್ಲಿ 650 ಮೆಗಾಹರ್ಟ್ಸ್ ವೇಗದಿಂದಲೂ, ಬ್ಯಾಟರಿಯ ಮೇಲೆ 1.35 ವೋಲ್ಟಿನಲ್ಲಿ 500 ಮೆಗಾಹರ್ಟ್ಸ್ ವೇಗದಿಂದಲೂ ನಡೆಯುತ್ತಿತ್ತು. ಮೇಲಿನ ಸೂತ್ರದಂತೆ ಲೆಕ್ಕ ಹಾಕಿದರೆ, ವೇಗದಲ್ಲಿ ಆದ ನಷ್ಟ ಶೇಕಡ 23; ಸಾಮರ್ಥ್ಯದಲ್ಲಿ ಆದ ಇಳಿತ ಸುಮಾರು ಶೇಕಡ 45. ಒಂದು ನಿಶ್ಚಿತ ಗಣನೆಗೆ ಬೇಕಾದ ಶಕ್ತಿಯು ಸುಮಾರು ಶೇಕಡ 29ರಷ್ಟು ಕಡಿಮೆಯಾಗುತ್ತದೆ.

ಇದಲ್ಲದೆ, ಟ್ರಾನ್ಸಿಸ್ಟರುಗಳು ಸುಮ್ಮನಿರುವಾಗಲೂ ಸ್ವಲ್ಪ ವಿದ್ಯುತ್ತು ಸೋರಿಹೋಗುತ್ತದೆ. ಕ್ಲಾಕನ್ನು ನಿಲ್ಲಿಸಿದ ಮಾತ್ರಕ್ಕೆ ಈ ಸೋರಿಕೆ ನಿಲ್ಲದು. ಆ ಕಾರಣ ಕೆಲಸವಿಲ್ಲದ ಭಾಗಗಳಿಗೆ ವಿದ್ಯುತ್ತನ್ನೇ ತಡೆಯುವ ಗಾಢನಿದ್ರೆಯ ಸ್ಥಿತಿಗಳೂ ಬಂದಿವೆ. ಹೀಗೆ ಉಳಿದ ಅವಕಾಶವನ್ನು, ಉಷ್ಣತೆಯು ಮಿತಿಯೊಳಗಿರುವವರೆಗೆ, ದುಡಿಯುತ್ತಿರುವ ಭಾಗವು ನಿಗದಿಯಾದುದಕ್ಕಿಂತ ಹೆಚ್ಚಿನ ವೇಗಕ್ಕೆ ಬಳಸಿಕೊಳ್ಳುವುದುಂಟು. 2008ರಲ್ಲಿ ಬಂದ 'ಟರ್ಬೋ ಬೂಸ್ಟ್' ಈ ಬಗೆಯದು. ಆದುದರಿಂದ ನಿಗದಿಯಾದ ಸಂಖ್ಯೆಗಿಂತ ವೇಗವು ಕೆಳಗೂ ಇರಬಹುದು, ಮೇಲೂ ಇರಬಹುದು.

ಪ್ರಯೋಗಶಾಲೆಯಲ್ಲಿ ಇದರ ಪರಿಣಾಮವು ಸಾಮಾನ್ಯವಾದುದಲ್ಲ. ಪೆಂಟಿಯಮ್ ಕಾಲದಿಂದ ಪ್ರೊಸೆಸರಿನಲ್ಲಿರುವ ಕಾಲಗಣಕವು ಹಿಂದೆ ಕ್ಲಾಕಿನ ಸ್ಪಂದನಗಳನ್ನೇ ಎಣಿಸುತ್ತಿತ್ತು. ಈಚಿನ ಪ್ರೊಸೆಸರುಗಳಲ್ಲಿ ಅದು ಸ್ಥಿರವಾದ ದರದಲ್ಲಿ ಸಾಗುತ್ತದೆ. ಕಾಲಗಣಕದ ದರ 3 ಗಿಗಾಹರ್ಟ್ಸ್, ಪ್ರೊಸೆಸರಿನ ಅಂದಿನ ವೇಗ 1.5 ಗಿಗಾಹರ್ಟ್ಸ್ ಎಂದಿಟ್ಟುಕೊಳ್ಳೋಣ. ಒಂದು ಮಿಲಿಸೆಕೆಂಡಿನಲ್ಲಿ ಕಾಲಗಣಕವು 30 ಲಕ್ಷವನ್ನು ತೋರಿಸಿದರೂ ನಡೆದ ಸ್ಪಂದನಗಳು 15 ಲಕ್ಷ ಮಾತ್ರ. ಎರಡನ್ನೂ ಒಂದೇ ಎಂದು ತಿಳಿದವನ ಕೋಷ್ಟಕವು ಅಷ್ಟರಮಟ್ಟಿಗೆ ಅಪಾರ್ಥಕ್ಕೆ ಆಸ್ಪದವೀಯುತ್ತದೆ.

ಎರಡು ಗಣನವಿಧಾನಗಳನ್ನು ಹೋಲಿಸುವವರು ಲಿನಕ್ಸ್ ವ್ಯವಸ್ಥೆಯಲ್ಲಿ 'ಪರ್ಫಾರ್ಮೆನ್ಸ್' ನಿಯಾಮಕವನ್ನು ಆರಿಸಿ, ಟರ್ಬೋ ಸೌಲಭ್ಯವನ್ನು ತಡೆದು, ಮೊದಲ ಕೆಲವು ಅಳತೆಗಳನ್ನು ಕೈಬಿಟ್ಟು, ಅನಂತರದವುಗಳನ್ನು ಹಲವು ಬಾರಿ ತೆಗೆದುಕೊಳ್ಳುವುದು ಯುಕ್ತ. ಇಷ್ಟಾದರೂ ಯಂತ್ರವು ಅತಿಯಾಗಿ ಕಾದರೆ ವೇಗವು ತಾನಾಗಿಯೇ ಇಳಿಯುವುದರಿಂದ, ಅಳತೆಯ ವೇಳೆಯ ಆವೃತ್ತಿಯನ್ನೂ ಬರೆದಿಡಬೇಕು. ಅನಿಲದ ಗಾತ್ರವನ್ನು ಹೇಳುವಾಗ ಉಷ್ಣತೆ ಮತ್ತು ಒತ್ತಡಗಳನ್ನು ಹೇಳದಿದ್ದರೆ ಆ ಅಳತೆಗೆ ಅರ್ಥವಿಲ್ಲ. ಗಣನೆಯ ಕಾಲಕ್ಕೂ ಈ ಮಾತು ಅನ್ವಯಿಸುತ್ತದೆ.