ನಿಮಗಿದು ಗೊತ್ತೆ? ‘ಲಂಚ ಕೊಟ್ಟೆ’ ಎಂದು ಬರೆದಿಡಲೂ ಒಂದು ತಾಣ

‘ನಾನು ಲಂಚ ಕೊಟ್ಟೆ’ ಎಂದು ಕೊಟ್ಟವರೇ ಬರೆದಿಡುವ ಜಾಲತಾಣ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ! ಲಾಭದ ಉದ್ದೇಶವಿಲ್ಲದ ‘ಜನಾಗ್ರಹ’ ಸಂಸ್ಥೆ 2010ರ ಆಗಸ್ಟ್‌ನಲ್ಲಿ ‘ಐ ಪೇಯ್ಡ್ ಎ ಬ್ರೈಬ್’ ತಾಣವನ್ನು ಆರಂಭಿಸಿತು.

ಬರೆಯುವವರು ತಮ್ಮ ಹೆಸರು ಹೇಳಬೇಕಿಲ್ಲ. ಯಾವ ಊರು, ಯಾವ ಇಲಾಖೆ, ಯಾವ ಕೆಲಸ, ಎಷ್ಟು ಹಣ? ಇಷ್ಟು ಸಾಕು. ಕೇಳಿದರೂ ಕೊಡದೆ ಬಂದವರು ಅದನ್ನೂ ಬರೆಯಬಹುದು. ಪ್ರಾಮಾಣಿಕ ಅಧಿಕಾರಿಯನ್ನು ಕಂಡವರಿಗೂ ಅಲ್ಲಿ ಜಾಗವಿದೆ. ಮೆಚ್ಚಬೇಕಾದ ಏರ್ಪಾಡು ಇದು.

ಬರೆದದ್ದು ವ್ಯರ್ಥವಾಗಲಿಲ್ಲ. ಆಗ ರಾಜ್ಯದ ಸಾರಿಗೆ ಆಯುಕ್ತರಾಗಿದ್ದ ಭಾಸ್ಕರ್ ರಾವ್ ಈ ಮಾಹಿತಿಯನ್ನು ಮುಂದಿಟ್ಟುಕೊಂಡು ಇಲಾಖೆಯ ಸುಧಾರಣೆಗೆ ಕೈಹಾಕಿದರು. ಚಾಲನಾ ಪರವಾನಗಿಗೆ ಆನ್‌ಲೈನ್ ಅರ್ಜಿ ಬಂತು. ಡ್ರೈವಿಂಗ್ ಪರೀಕ್ಷೆಯಲ್ಲೂ ಯಂತ್ರಗಳು ಬಂದವು. ಜ್ಞಾನಭಾರತಿ ಬಳಿಯ ಮಲ್ಲತ್ತಹಳ್ಳಿಯ ಪರೀಕ್ಷಾ ಪಥದಲ್ಲಿ ತಪ್ಪು ಗುರುತಿಸುವುದು ಸೆನ್ಸರ್‌ಗಳು. ಪಾಸೋ ಫೇಲೋ ಎಂಬುದು ಒಬ್ಬರ ಮರ್ಜಿಗೆ ಬಿಟ್ಟ ವಿಷಯವಲ್ಲ.

2011ರಲ್ಲಿ ಕೀನ್ಯಾದವರೂ ಇದೇ ಹೆಸರಿನ ತಾಣ ತೆರೆದರು. ಅದೇ ವರ್ಷ ಚೀನಾದಲ್ಲಿ ಹುಟ್ಟಿಕೊಂಡ ಇಂಥ ತಾಣಗಳನ್ನು ಅಲ್ಲಿನ ಆಡಳಿತ ಕೆಲವೇ ವಾರಗಳಲ್ಲಿ ಮುಚ್ಚಿಸಿತು.