ಉಪವಾಸದ ಒಳಗು–ಹೊರಗು

'ಉಪವಾಸ' ಎಂಬ ಮಾತಿನಲ್ಲಿ ಅನ್ನದ ಪ್ರಸ್ತಾಪವೇ ಇಲ್ಲವೆಂಬುದು ಸಾಮಾನ್ಯವಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. 'ಉಪ' ಎಂದರೆ ಸಮೀಪ. 'ವಾಸ' ಎಂದರೆ ಇರುವಿಕೆ. ಪಾಪಗಳಿಂದ ಹಿಂದಿರುಗಿ ಸದ್ಗುಣಗಳೊಡನೆ ವಾಸಮಾಡುವುದೇ ಉಪವಾಸ, ಬರಿದೆ ಶರೀರವನ್ನು ಒಣಗಿಸುವುದಲ್ಲ ಎಂದು ಧರ್ಮಶಾಸ್ತ್ರಕಾರರು ವಿವರಿಸಿದ್ದಾರೆ. ಊಟ ಬಿಡುವುದು ಅದರ ಒಂದು ಅಂಗ ಮಾತ್ರ.

ಏಕಾದಶಿಯನ್ನೇ ತೆಗೆದುಕೊಳ್ಳೋಣ. ಪಕ್ಷಕ್ಕೊಂದರಂತೆ ವರ್ಷಕ್ಕೆ 24. ಅಧಿಕಮಾಸ ಬಂದರೆ 26. ಅಂದು ಅನ್ನ ನಿಷಿದ್ಧ. ಆದಕಾರಣ ಎಷ್ಟೋ ಮನೆಗಳಲ್ಲಿ ಉಪ್ಪಿಟ್ಟು, ಗೊಜ್ಜವಲಕ್ಕಿ, ಸಜ್ಜಿಗೆಗಳ ಸಮಾರಾಧನೆ. ಹಣ್ಣಿನ ಆಹಾರವೆಂಬ ಅರ್ಥದ 'ಫಲಾಹಾರ' ಕನ್ನಡದಲ್ಲಿ 'ಫಳಾರ'ವಾಗಿ, ತಿಂಡಿಯಾಗಿ ಕುಳಿತದ್ದು ಸುಮ್ಮನೆ ಅಲ್ಲ! ಆದರೂ ಇದನ್ನು ಕಪಟವೆಂದು ನಾನು ಕರೆಯಲಾರೆ. ಹಸಿವು ತಾಳಲಾರದವನು ಅದನ್ನು ಒಪ್ಪಿಕೊಂಡು ತಿಂದರೆ ಅದರಲ್ಲಿ ವಂಚನೆಯೇನು? ವೃಕೋದರನಾದ ಭೀಮ ವ್ಯಾಸರೆದುರಿಗೆ ನಿಂತು ತನ್ನಿಂದ ಇದು ಆಗದೆಂದನಂತೆ. ವ್ಯಾಸರು ಅವನನ್ನು ಗದರಲಿಲ್ಲ. ಜ್ಯೇಷ್ಠ ಶುದ್ಧ ಏಕಾದಶಿಯೊಂದನ್ನು ನೀರೂ ಮುಟ್ಟದೆ ಆಚರಿಸು ಎಂದರು. ಆ ದಿನಕ್ಕೆ ಇಂದಿಗೂ ಅವನದೇ ಹೆಸರು. ಶಾಸ್ತ್ರವೂ ನಿಷ್ಕರುಣಿಯಲ್ಲ. 8 ತುಂಬದ ಮಕ್ಕಳಿಗೆ, 80 ಕಳೆದ ವೃದ್ಧರಿಗೆ ಏಕಾದಶಿಯ ಕಟ್ಟಿಲ್ಲ. ನೀರು, ಹಣ್ಣು, ಹಾಲು, ಔಷಧಗಳಿಂದ ವ್ರತ ಕೆಡದು. ನಾಲ್ಕು ಜನ ಏನೆಂದಾರೋ ಎಂದು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಟ್ಟು ಕಂಗೆಡುವವರು ಈ ಕೊನೆಯ ಮಾತನ್ನು ಗಮನಿಸಬೇಕು.

ಕಪಟ ಅಡಗಿರುವುದು ಬೇರೆಡೆಯಲ್ಲಿ. ಇಂದ್ರಿಯಗಳನ್ನು ಹೊರಗೆ ಬಿಗಿಹಿಡಿದು ಒಳಗೆ ವಿಷಯಗಳನ್ನೇ ಮೆಲುಕು ಹಾಕುವವನನ್ನು ಗೀತೆಯ ಮೂರನೆಯ ಅಧ್ಯಾಯ ಮಿಥ್ಯಾಚಾರಿ ಎನ್ನುತ್ತದೆ. ನಸುಕಿನ ಸ್ನಾನ, ಜಪಗಳ ಆಡಂಬರಕ್ಕೆ ಪುರಂದರದಾಸರು 'ಉದರವೈರಾಗ್ಯ'ವೆಂದೇ ಹೆಸರಿಟ್ಟರು. ಯಜಮಾನರು ತೊಟ್ಟು ನೀರನ್ನೂ ಮುಟ್ಟಿಲ್ಲ, ನಿಜ. ಆದರೆ ಬೆಳಗಿನಿಂದ ಮನೆಮಂದಿಯ ಮೇಲೆಲ್ಲ ಸಿಡುಕು, ನೆರೆಮನೆಯ ಉಪ್ಪಿಟ್ಟಿನ ಮೇಲೆ ಟೀಕೆ, ಬಂದವರೆಲ್ಲರಿಗೂ ತಮ್ಮ ನಿರಾಹಾರದ ವರದಿ. ಅದೇ ಮನೆಯಲ್ಲಿ ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು, ತಾನೂ ಏನನ್ನೂ ತಿನ್ನದಿರುವ ಸೊಸೆಯ ಉಪವಾಸ ಯಾರಿಗೂ ತಿಳಿದಿರುವುದಿಲ್ಲ.

ಭಾಗವತದ ಒಂಬತ್ತನೆಯ ಸ್ಕಂಧದ ಅಂಬರೀಷನನ್ನು ಇಲ್ಲಿ ನೆನೆಯಬೇಕು. ವರ್ಷಪೂರ್ತಿ ವ್ರತ ನಡೆಸಿದ ಆ ಅರಸು ದ್ವಾದಶಿಯಂದು ಪಾರಣೆಗೆ ಸಿದ್ಧನಾದಾಗ ದೂರ್ವಾಸರು ಅತಿಥಿಯಾಗಿ ಬಂದರು. ಯಮುನೆಗೆ ಹೋದವರು ಬೇಗ ಮರಳಲಿಲ್ಲ. ತಿಥಿ ಮೀರುತ್ತಿತ್ತು. ಅತಿಥಿಗಿಂತ ಮುಂಚೆ ಉಣ್ಣುವಂತಿಲ್ಲ, ಪಾರಣೆ ತಪ್ಪಿಸುವಂತೆಯೂ ಇಲ್ಲ. ಅರಸು ನೀರನ್ನಷ್ಟೇ ಕುಡಿದ. ಋಷಿಗೆ ಅದೇ ಅಪರಾಧವಾಗಿ ಕಂಡು, ಅವನನ್ನು ಕೊಲ್ಲಲು ಕೃತ್ಯೆಯನ್ನು ಸೃಷ್ಟಿಸಿದರು. ವಿಷ್ಣುಚಕ್ರ ಅದನ್ನು ಸುಟ್ಟು ಋಷಿಯನ್ನೇ ಬೆನ್ನಟ್ಟಿತು. ಮೂರು ಲೋಕ ಸುತ್ತಿ ಅವರು ಮರಳುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು. ಏಕಾದಶಿಯ ವ್ರತ ಎಂದೋ ಮುಗಿದಿದ್ದರೂ ಅಂಬರೀಷ ಅಲ್ಲಿಯವರೆಗೆ ನೀರಿನ ಮೇಲೆಯೇ ಇದ್ದ. ತನ್ನನ್ನು ಕೊಲ್ಲಬಂದವರಿಗೆ ಮೊದಲು ಬಡಿಸಿ, ಅವರು ತೃಪ್ತರಾದ ಮೇಲೆ ತಾನು ಉಂಡ.